ಅವ್ವನ ದಸರಾ ದುಡ್ಡು

ನಮ್ಮ ಕೇರಿಯಲ್ಲಿ ಯಾರೂ ಅಂಬಾರಿ ನೋಡಲು ಹೋಗುತ್ತೇವೆ ಅನ್ನುತ್ತಿರಲಿಲ್ಲ. 'ದೀಪ ನೋಡಕ್ಕ ಹೋಯ್ತೀವಿ' ಅನ್ನುತ್ತಿದ್ದರು. ದಸರಾ ಅಂದರೆ ದೀಪ, ಅಷ್ಟೆ. ಅಂಬಾರಿ ನೋಡಬೇಕೆಂದರೆ ಬೆಳಗಿನಿಂದ ರಸ್ತೆ ಬದಿ ಜಾಗ ಹಿಡಿಯಬೇಕು, ಪೊಲೀಸರ ಲಾಠಿ ತಪ್ಪಿಸಿಕೊಳ್ಳಬೇಕು, ಮುಂದೆ ಕುರ್ಚಿ ಹಾಕಿಸಿಕೊಂಡು ಕೂತವರ ತಲೆಗಳ ಮೇಲೆ ಆನೆಯ ಬೆನ್ನು ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ದೀಪಕ್ಕೆ ಹಾಗಿಲ್ಲ. ಅದು ತಲೆಯ ಮೇಲೆ ಇರುತ್ತದೆ. ಯಾವ ಊರು, ಯಾವ ಕೇರಿ, ಟಿಕೀಟು ಎಲ್ಲಿ ಅಂತ ಕೇಳುವುದಿಲ್ಲ.

ನಂಜನಗೂಡು ತಾಲ್ಲೂಕಿನ ಒಂದು ಊರಿನ ಹೊರಗಿನ ಕೇರಿ ನಮ್ಮದು. ಅವ್ವನ ಹತ್ತಿರ ಕುಟಿಕ್ಯೂರಾ ಪೌಡರಿನ ಹಳೆಯ ಡಬ್ಬಿಯೊಂದಿತ್ತು. ಯಾರೋ ಮೇಷ್ಟರ ಹೆಂಡತಿ ಬಿಸಾಡಿದ್ದು. ಯುಗಾದಿ ಕಳೆದ ಮಾರನೆಯ ದಿನದಿಂದ ಅದರ ತೂತಿನೊಳಗೆ ನಾಲ್ಕಾಣೆ ಎಂಟಾಣೆ ಬೀಳಲು ಶುರುವಾಗುತ್ತಿತ್ತು. ಕಳೆ ಕಿತ್ತ ಕೂಲಿಯಲ್ಲಿ ಒಂದಿಷ್ಟು, ಮೊಟ್ಟೆ ಮಾರಿದ್ದರಲ್ಲಿ ಒಂದಿಷ್ಟು. ಜ್ವರ ಬಂದರೂ ಆ ಡಬ್ಬಿಗೆ ಕೈ ಹಾಕುವಂತಿಲ್ಲ. ಅಪ್ಪ ಒಂದು ಸಲ ಕೈ ಹಾಕಿ ಸಿಕ್ಕಿಬಿದ್ದು ಎರಡು ದಿನ ಮನೆಯಲ್ಲಿ ಮುದ್ದೆ ಕಾಣಲಿಲ್ಲ. 1983ರ ದಸರಾಕ್ಕೆ ಡಬ್ಬಿ ಒಡೆದಾಗ ನಲವತ್ತೆರಡು ರೂಪಾಯಿ ಇತ್ತು. ನಾವು ಅಣ್ಣತಮ್ಮಂದಿರು ಮೂವರು, ತಂಗಿ ಒಬ್ಬಳು. ನಾಲ್ಕು ಸಲ ಎಣಿಸಿದೆವು, ಹೆಚ್ಚಾದೀತೇನೋ ಅಂತ.

ಆ ದುಡ್ಡಿಗೆ ಅವ್ವನ ಬಾಯಲ್ಲೇ ಬಜೆಟ್ಟು. ರೈಲಿಗೆ ಇಷ್ಟು, ತಂಗಿಗೆ ಬಳೆ ಮತ್ತು ತಲೆ ಟೇಪಿಗೆ ಇಷ್ಟು, ಬೆಂಡು ಬತ್ತಾಸು ಕಡ್ಲೆಪುರಿಗೆ ಇಷ್ಟು, ತಗಡಿನ ಪೀಪಿಗೆ ಇಷ್ಟು. ರಾತ್ರಿಯ ಊಟಕ್ಕೆ ಅಂತ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಗಂಟು ಕಟ್ಟಿಕೊಂಡೇ ಹೋಗುತ್ತಿದ್ದೆವು. ಮೀಟರ್ ಗೇಜಿನ ರೈಲು, ಉಸಿರಾಡಲೂ ಜಾಗವಿರುತ್ತಿರಲಿಲ್ಲ. ಮೈಸೂರು ಇನ್ನೂ ದೂರವಿರುವಾಗಲೇ ಬಾಗಿಲಲ್ಲಿ ನೇತಾಡುತ್ತಿದ್ದ ಹುಡುಗರು 'ಕಾಣ್ತದ, ಕಾಣ್ತದ' ಅಂತ ಕೂಗುತ್ತಿದ್ದರು. ಆಕಾಶದ ಒಂದು ಮೂಲೆ ಕೆಂಪಗೆ ಆಗಿರುತ್ತಿತ್ತು.

ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬು ಅಂತ ಮೇಷ್ಟರು ಹೇಳಿದ್ದರು. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟು ಹೋದ ಮೇಲೆ 1912ರಲ್ಲಿ ಮುಗಿದ ಅರಮನೆ ಇದು ಅಂತಲೂ. ನಮಗೆ ಇಸವಿ ಯಾಕೆ? ಬಲ್ಬು ಹತ್ತುವ ಆ ಒಂದು ಗಳಿಗೆಯಲ್ಲಿ ಮೈದಾನದಲ್ಲಿ ನಿಂತವರೆಲ್ಲ ಒಟ್ಟಿಗೆ 'ಓ' ಅನ್ನುತ್ತಿದ್ದರಲ್ಲ, ಆ ಓ ಒಳಗೆ ನಮ್ಮದೂ ಸೇರುತ್ತಿತ್ತು. ಊರೊಳಗೆ ನಮ್ಮ ದನಿ ಹಾಗೆ ಬೇರೆಯವರ ದನಿಯೊಳಗೆ ಸೇರಿದ್ದಿಲ್ಲ. ಅಲ್ಲಿಂದ ದೊಡ್ಡ ಗಡಿಯಾರ, ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ ಹಿಡಿದು ತಲೆ ಮೇಲೆತ್ತಿಕೊಂಡು ನಡೆಯುವುದು. ಒಂದು ವೃತ್ತದಲ್ಲಿ ನವಿಲು, ಇನ್ನೊಂದರಲ್ಲಿ ತಿರುಗುವ ಚಕ್ರ. ತಲೆ ಎತ್ತಿ ನಡೆಯುವವನ ಕಾಲು ನಿಧಾನ. ನಿಧಾನ ನಡೆದರೆ ಮಕ್ಕಳಿಗೆ ಹಸಿವಾಗುತ್ತದೆ, ಹಸಿವಾದರೆ ಕಡ್ಲೆಪುರಿಯವನು ಎದುರಿಗೇ ಇರುತ್ತಾನೆ. ಹನ್ನೊಂದು ಗಂಟೆಯಾದರೂ ಯಾರಿಗೂ ಮನೆ ನೆನಪಾಗುತ್ತಿರಲಿಲ್ಲ. ಆಮೇಲೆ ಅಶೋಕಪುರದಲ್ಲಿ ನಮ್ಮ ಸೋದರತ್ತೆಯ ಮನೆಯ ಜಗಲಿ ಮೇಲೆ ಮಲಗಿ, ಬೆಳಗಿನ ಮೊದಲ ರೈಲಿಗೆ ವಾಪಸ್ಸು.

ಬಜೆಟ್ಟಿನಲ್ಲಿ ಇಲ್ಲದ ಒಂದು ಖರ್ಚನ್ನು ಅವ್ವ ವರ್ಷ ವರ್ಷವೂ ಮಾಡುತ್ತಿದ್ದಳು. ಮಾರ್ಕೆಟ್ಟಿನ ಹತ್ತಿರ ಒಂದು ಹೋಟೆಲಿಗೆ ನಮ್ಮನ್ನು ನುಗ್ಗಿಸಿ, ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಎರಡು ಮಸಾಲೆದೋಸೆ ತರಿಸಿ ಐದು ಜನಕ್ಕೆ ಹಂಚಿ, ತಾನು ಒಂದು ಕಾಫಿ ಕುಡಿಯುತ್ತಿದ್ದಳು. ಗಂಟಿನಲ್ಲಿ ರೊಟ್ಟಿ ಇದ್ದರೂ! ನಮ್ಮೂರ ಹೋಟೆಲಿನಲ್ಲಿ ನಮ್ಮವರಿಗೆ ಲೋಟ ಬೇರೆ. ಹೊರಗೆ ಗೂಟಕ್ಕೆ ಸಿಕ್ಕಿಸಿರುತ್ತಿದ್ದರು, ನಾವೇ ತೊಳೆದು, ನಾವೇ ಹಿಡಿದು, ಮೇಲಿನಿಂದ ಹುಯ್ಯಿಸಿಕೊಂಡು, ನಿಂತೇ ಕುಡಿದು, ಮತ್ತೆ ತೊಳೆದಿಡಬೇಕು. ದಸರಾದ ರಾತ್ರಿ ಆ ಜನಜಂಗುಳಿಯಲ್ಲಿ ಯಾರು ಯಾರೆಂದು ಯಾರಿಗೆ ಗೊತ್ತು? ಅವ್ವ ಆ ಪಿಂಗಾಣಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಕಾಫಿ ಮುಗಿದ ಮೇಲೂ ಸ್ವಲ್ಪ ಹೊತ್ತು ಇಡುತ್ತಿರಲಿಲ್ಲ. ಮಾಣಿ ಬಂದು 'ಆಯ್ತಾ ಅಮ್ಮ' ಅನ್ನುತ್ತಿದ್ದ. ಅಮ್ಮ! ಆ ಮಾತಿಗೆ ಅವ್ವ ವರ್ಷವಿಡೀ ದುಡ್ಡು ಕೂಡಿಡುತ್ತಿದ್ದಳು ಅಂತ ನಮಗೆ ಆಗ ತಿಳಿಯಲಿಲ್ಲ. ದೋಸೆ ದಂಡ, ಅದರಲ್ಲಿ ಇನ್ನೆರಡು ಪೀಪಿ ಬರುತ್ತಿತ್ತು ಅಂತ ನಾವು ಜಗಳ ಆಡಿದ್ದೇವೆ.

ಮನೆಗೆ ಬಂದರೆ ಸೀಮೆಎಣ್ಣೆ ಬುಡ್ಡಿ. 1902ರಲ್ಲೇ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದರು. ಅದು ತಂತಿಯ ಮೇಲೆ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಗಣಿಯ ಪಾತಾಳದಲ್ಲಿ ಇಳಿದು ದುಡಿದವರೂ ಬಹುಪಾಲು ನಮ್ಮಂಥವರೇ, ತಮಿಳು ಸೀಮೆಯ ಹೊಲಗೇರಿಗಳಿಂದ ಬಂದವರು. ಆಮೇಲೆ ಬೆಂಗಳೂರಿಗೆ, ಆಮೇಲೆ ಮೈಸೂರಿಗೆ. ಅದೇ ಕಾವೇರಿಗೆ ಕೂಡುವ ಕಪಿಲೆಯ ದಂಡೆಯ ನಮ್ಮ ಕೇರಿಗೆ ಬಲ್ಬು ಬಂದದ್ದು ಭಾಗ್ಯಜ್ಯೋತಿ ಅಂತ ಬಂದಾಗ, ಮನೆಗೆ ಒಂದೇ ಒಂದು. ಅದು ಹತ್ತಿದ ರಾತ್ರಿ ಪಕ್ಕದ ಮನೆಯ ಅಜ್ಜಿ ಹೊರಗೆ ಬಂದು 'ದಸರಾ ಇಲ್ಗೇ ಬಂದ್ಬುಡ್ತಲ್ಲಪ್ಪ' ಅಂದಳು. ಮೂರು ತಿಂಗಳಿಗೆ ಬಲ್ಬು ಸುಟ್ಟು ಹೋಯಿತು. ಹೊಸದಕ್ಕೆ ಅವ್ವ ಡಬ್ಬಿ ಒಡೆಯಲಿಲ್ಲ.

ಇಷ್ಟೆಲ್ಲ ಉಂಡವರು ನಾವು ಎಂಬತ್ತರ ದಶಕದ ನಡುವಿನ ಬರಗಾಲದಲ್ಲಿ ಏನು ಮಾಡಿದೆವು ಗೊತ್ತೇ? ಆಗ ನಾವು ಮೈಸೂರಿನ ಹಾಸ್ಟೆಲಿನಲ್ಲಿದ್ದೆವು. ಸಂಘಟನೆ, ಕ್ರಾಂತಿಗೀತೆ, ತಮಟೆ, ರಾತ್ರಿಯೆಲ್ಲ ವಾದ. ರಾಜಶಾಹಿಯ ಮೆರವಣಿಗೆ ನಿಲ್ಲಿಸಿ, ದೀಪದ ದುಂದು ನಿಲ್ಲಿಸಿ ಅಂತ ಕರಪತ್ರ ಬರೆದು, ಸೈಕ್ಲೋಸ್ಟೈಲ್ ಮಾಡಿಸಿ, ದೊಡ್ಡ ಗಡಿಯಾರದ ಕೆಳಗೆ ನಿಂತು ಹಂಚಿದೆವು. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಈಗಲೂ ಅದರ ಬಹಳಷ್ಟು ಮಾತನ್ನು ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಆದರೆ ಅದೇ ಸಂಜೆ ರೊಟ್ಟಿ ಗಂಟು ಹಿಡಿದು ಬಂದ ಅವ್ವನ ಕೈಗೂ ಒಂದು ಕರಪತ್ರ ಸಿಕ್ಕಿತು. ಓದು ಬಾರದವಳು, ತಂಗಿಯ ಕೈಲಿ ಓದಿಸಿದಳು. ಓದಿಸಿ, ನಮ್ಮ ಕಡೆ ಬಂದು ಅಂದದ್ದು ಇಷ್ಟೆ: 'ದೀಪ ಆರ್ಸಿ ಅಂತ ಬರ್ದಿದ್ದೀರಲ್ಲ ಮಕ್ಕಳೇ, ನಮ್ಮ ಕೇರಿಗ ದೀಪ ಹಚ್ಚಿ ಅಂತ ಬರ್ಯಕ್ಕ ಏನಾಗಿತ್ತು?'

ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಒಬ್ಬ ಗೆಳೆಯ ಅವ್ವನದು ಸುಳ್ಳು ಪ್ರಜ್ಞೆ ಅಂತ ಆಮೇಲೆ ಹಾಸ್ಟೆಲಿನಲ್ಲಿ ವಿವರಿಸಿದ. ಅವನೀಗ ದೊಡ್ಡ ಅಧಿಕಾರಿ.

ಕಾಲ ಕಳೆಯಿತು. ತಂಗಿಯನ್ನು ಮೈಸೂರಿಗೇ ಕೊಟ್ಟೆವು. ಅವಳೂ ಅವಳ ಗಂಡನೂ ದಸರಾದ ಹತ್ತು ದಿನ ಬೀದಿಯಲ್ಲಿ ಸಾಮಾನು ಮಾರುತ್ತಿದ್ದರು. ಮಿಣಮಿಣ ಅನ್ನುವ ಕೊಂಬು, ಬಣ್ಣ ಉಗುಳುವ ಬುಗುರಿ, ಸೋಪಿನ ಗುಳ್ಳೆ ಊದುವ ಡಬ್ಬಿ. ಬೆಂಗಳೂರಿನ ಚಿಕ್ಕಪೇಟೆಯಿಂದ ಸಗಟು ತರುವುದು. ಬಂಡವಾಳ ಬಡ್ಡಿ ಸಾಲ, ನೂರಕ್ಕೆ ತಿಂಗಳಿಗೆ ಹತ್ತು. ಹತ್ತು ದಿನದಲ್ಲಿ ಮಾರಿ ಮುಗಿಸಿದರೆ ಮಕ್ಕಳ ಫೀಸು, ಮಳೆಗಾಲಕ್ಕೆ ಮೊದಲು ಮನೆಗೆ ಶೀಟು. ಮುಗಿಯದಿದ್ದರೆ ಮುಂದಿನ ದಸರಾದವರೆಗೆ ಬಡ್ಡಿ.

2015ರಲ್ಲಿ ಮಳೆ ಕೈಕೊಟ್ಟಿತು. ರೈತರು ಸಾಲು ಸಾಲಾಗಿ ನೇಣು ಹಾಕಿಕೊಂಡ ವರ್ಷ ಅದು. ಈ ಸಲ ಸರಳ ದಸರಾ ಅಂತ ಸರ್ಕಾರ ಘೋಷಿಸಿತು. ಒಬ್ಬ ರೈತರ ಕೈಯಲ್ಲೇ ಉದ್ಘಾಟನೆ ಮಾಡಿಸಿದರು. ಪೇಪರು ಓದಿ ನಾವು, ಹಳೆಯ ಕರಪತ್ರದವರು, ಒಬ್ಬರಿಗೊಬ್ಬರು ಫೋನು ಮಾಡಿಕೊಂಡು ಸಂತೋಷಪಟ್ಟೆವು. ಮೂವತ್ತು ವರ್ಷದ ಮೇಲಾದರೂ ನಮ್ಮ ಮಾತು ಕೇಳಿತಲ್ಲ!

ಅವ್ವ ಆ ವರ್ಷವೂ ಹೊರಟಳು. ಎಪ್ಪತ್ತು ದಾಟಿತ್ತು. ಡಬ್ಬಿ ಹೋಗಿ ಪ್ಲಾಸ್ಟಿಕ್ ಡಬ್ಬ ಬಂದಿತ್ತು, ಅದರಲ್ಲಿ ವೃದ್ಧಾಪ್ಯ ವೇತನದಲ್ಲಿ ಉಳಿಸಿದ ಆರುನೂರು ರೂಪಾಯಿ. ಮೊಮ್ಮಕ್ಕಳ ಕೈ ಹಿಡಿದು ಅರಮನೆ ನೋಡಿದಳು. ಅಲ್ಲಿ ದೀಪ ಇತ್ತು. ಅಲ್ಲಿಂದ ಮುಂದಕ್ಕೆ, ತಾನು ಮೂವತ್ತು ವರ್ಷ ನಡೆದ ದಾರಿ ಹಿಡಿದಳು. ಹಿಂದಿನ ವರ್ಷ ನವಿಲು ಕುಣಿದ ಕಡೆ ಬರೀ ಕಂಬ. ಒಂದು ರಸ್ತೆಗೆ ಇದೆ, ಮುಂದಿನದಕ್ಕೆ ಇಲ್ಲ. ಮಕ್ಕಳು 'ಅಜ್ಜಿ, ಮನೆಗ ಹೋಗ್ಮ' ಅಂದವು. ಎಂಟು ಗಂಟೆಗೆಲ್ಲ ಬಸ್ ಸ್ಟ್ಯಾಂಡು ತುಂಬಿತ್ತು, ಅಂದರೆ ಬೀದಿ ಖಾಲಿಯಾಗಿತ್ತು. ಅವ್ವ ಮನೆಗೆ ಬಂದು ಡಬ್ಬದಲ್ಲಿ ನಾನೂರ ಹತ್ತು ರೂಪಾಯಿ ವಾಪಸ್ಸು ಹಾಕಿದಳು. ನಮಗೆ ತಿಳಿದ ಮಟ್ಟಿಗೆ ದಸರಾದ ದುಡ್ಡು ಮನೆಗೆ ವಾಪಸ್ಸು ಬಂದದ್ದು ಅದೇ ಮೊದಲು.

'ಯಾಕವ್ವ, ಹೋಟ್ಲಿಗ ಹೋಗ್ಲಿಲ್ವ?'

'ದೀಪನೇ ಇಲ್ದ ಬೀದೀಲಿ ಯಾನ ಕೊಳ್ಳಾದು? ಕಾಲೇ ನಿಲ್ನಿಲ್ಲ ಕನ.'

ಅತ್ತ ತಂಗಿಯ ಮನೆಯಲ್ಲಿ ಕೊಂಬು, ಬುಗುರಿ ಅರ್ಧಕ್ಕಿಂತ ಹೆಚ್ಚು ಹಾಗೇ ಉಳಿದವು. ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಗಳು. ಬ್ಯಾಟರಿ ಸೋರಿ, ತುಕ್ಕು ಹಿಡಿದು, ಮುಂದಿನ ವರ್ಷಕ್ಕೂ ಆಗಲಿಲ್ಲ. ಬಡ್ಡಿ ಮಾತ್ರ ತುಕ್ಕು ಹಿಡಿಯಲಿಲ್ಲ. ನಮ್ಮ ದೊಡ್ಡಪ್ಪನ ಮಗನ ತಮಟೆ ಮೇಳಕ್ಕೂ ಆ ವರ್ಷ ಕರೆ ಬರಲಿಲ್ಲ. ಬರಗಾಲದವರಿಗಾಗಿ ಸರಳ ಮಾಡಿದ ಹಬ್ಬ ಅದು. ಬರಗಾಲದವರಾದ ನಮ್ಮ ತಂಗಿಗೆ ಆ ಹತ್ತು ದಿನದ ಬೀದಿಯೇ ಹೊಲವಾಗಿತ್ತು, ಅದರ ಮಳೆಯನ್ನೂ ನಿಲ್ಲಿಸಿದ ಹಾಗಾಯಿತು. ಉಳಿಸಿದ ದುಡ್ಡು ಯಾವ ರೈತನ ಮನೆಗೆ ಹೋಯಿತೋ, ನಮ್ಮ ಕಡೆಯ ಯಾರ ಮನೆಗೂ ಬರಲಿಲ್ಲ. ಗಣ್ಯರ ಕುರ್ಚಿ ಸಾಲಂತೂ ನಮ್ಮ ಕಣ್ಣಿಗೆ ಕಡಿಮೆಯಾದಂತೆ ಕಾಣಲಿಲ್ಲ. ಸರಳ ಅನ್ನುವುದು ಮೇಲಿನಿಂದ ಶುರುವಾಗಬೇಕಿತ್ತು, ಬೀದಿಯ ಕೊನೆಯಿಂದ ಶುರುವಾಯಿತು.

ನಾವು ನಮ್ಮ ಕರಪತ್ರವನ್ನು ಹುಡುಕಿ ಮತ್ತೆ ಓದಿದೆವು. ಬೀದಿಯಲ್ಲಿ ಮಾರುವವರ ಬಗ್ಗೆ ಒಂದು ಸಾಲೂ ಇರಲಿಲ್ಲ. ನಮ್ಮ ಸ್ವಂತ ತಂಗಿಯ ಬಗ್ಗೆ!

2016ರಲ್ಲಿ ಅವ್ವ ಹೊರಡಲಿಲ್ಲ. ಕಾಲು ನೋವು ಅಂದಳು. ದೀಪ ಈ ಸಲ ಇದೆಯಂತೆ ಅಂದರೂ 'ನೋಡಿದ್ದಾಯ್ತು ಬುಡು' ಅಂದಳು. ಮೂವತ್ತು ವರ್ಷ ಒಂದೂ ತಪ್ಪಿಸದವಳು. ಅಭ್ಯಾಸ ಅನ್ನುವುದು ಹೀಗೆ, ಒಂದು ವರ್ಷ ದಾರ ಕಡಿದರೆ ಆಮೇಲೆ ಗಂಟು ಹಾಕುವುದು ಕಷ್ಟ. ಅವಳ ಜೊತೆ ಹೋಗುತ್ತಿದ್ದ ಕೇರಿಯ ಹೆಂಗಸರೂ ಒಬ್ಬೊಬ್ಬರೇ ಬಿಟ್ಟರು. ಅವರ ಆರುನೂರು, ಐನೂರು ಯಾವ ಲೆಕ್ಕದಲ್ಲೂ ಬರುವುದಿಲ್ಲ. ತಂಗಿಯ ಲೆಕ್ಕದಲ್ಲಿ ಬರುತ್ತದೆ.

2020ರ ಮಾತು ಹೆಚ್ಚು ಬೇಡ. ಕೊರೊನಾ. ಜಂಬೂಸವಾರಿ ಅರಮನೆಯ ಅಂಗಳದೊಳಗೇ ಮುಗಿಯಿತು, ಒಳಗೆ ಬಿಟ್ಟದ್ದು ಕೆಲವೇ ನೂರು ಜನರನ್ನು. ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನ ಖಾಲಿ. ಅದು ರೋಗ, ಯಾರನ್ನು ಬಯ್ಯುವುದು.

ಆ ಲಾಕ್‌ಡೌನಿನ ದಿನಗಳಿಂದಲೂ ನಮ್ಮ ಕೇರಿಯ ಹುಡುಗನೊಬ್ಬ ಅಮೆರಿಕೆಯ ಫ್ಲಾರಿಡಾದಿಂದ ಆಗಾಗ ಫೋನು ಮಾಡುತ್ತಿದ್ದ. ಹಾಸ್ಟೆಲಿನಲ್ಲಿ ಓದಿ, ಕಂಪ್ಯೂಟರ್ ಕಲಿತು, ಒರ್ಲಾಂಡೊ ಸೇರಿದವನು. ಅಲ್ಲಿ ಡಿಸ್ನಿಯವರ ದೊಡ್ಡ ಊರೇ ಇದೆ, 1971ರಲ್ಲಿ ತೆರೆದದ್ದು. ಕ್ರಿಸ್‌ಮಸ್ಸಿಗೆ ಅಲ್ಲೂ ದೀಪ. 'ಅಣ್ಣ, ಅಜ್ಜಿ ಕಥೆ ಇಲ್ಲೂ ನಡೆದಿದೆ' ಅಂತ ಅವನು ಹೇಳಿದ್ದನ್ನು ಇಲ್ಲಿ ಬರೆಯಬೇಕು.

ಅರ್ಕಾನ್ಸಾ ಸೀಮೆಯ ಲಿಟಲ್ ರಾಕ್ ಎಂಬ ಊರಿನಲ್ಲಿ ಜೆನ್ನಿಂಗ್ಸ್ ಆಸ್ಬಾರ್ನ್ ಎಂಬ ಸಾಹುಕಾರ. 1986ರಲ್ಲಿ ಅವನ ಪುಟ್ಟ ಮಗಳು ಮನೆಗೆ ಕ್ರಿಸ್‌ಮಸ್ ದೀಪ ಹಾಕು ಅಂದಳಂತೆ. ಹಾಕಿದ. ವರ್ಷ ವರ್ಷ ಹೆಚ್ಚಿಸುತ್ತ ಹೋಗಿ ಲಕ್ಷಗಟ್ಟಲೆ ದೀಪವಾಯಿತು. ನೋಡಲು ಬರುವವರ ಕಾರುಗಳಿಂದ ರಸ್ತೆ ಕಟ್ಟಿ, ನೆರೆಯವರು ಕೋರ್ಟಿಗೆ ಹೋಗಿ, ಕೋರ್ಟು ದೀಪಕ್ಕೆ ಕಡಿವಾಣ ಹಾಕಿತು. 1995ರಲ್ಲಿ ಆ ದೀಪಗಳನ್ನೆಲ್ಲ ಡಿಸ್ನಿಯವರು ತಮ್ಮ ಫ್ಲಾರಿಡಾದ ಉದ್ಯಾನಕ್ಕೆ ತಂದು ಕಟ್ಟಿದರು. ಕೊನೆಗೆ ಐವತ್ತು ಲಕ್ಷ ದೀಪ. ಬರೀ ಅದನ್ನು ನೋಡಲೆಂದೇ ವರ್ಷ ವರ್ಷ ಬರುವ ಸಂಸಾರಗಳು ಹುಟ್ಟಿಕೊಂಡವು. 2016ರ ಜನವರಿಯಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ದೀಪ ಕಟ್ಟುತ್ತಿದ್ದ ಬೀದಿಯನ್ನೇ ಕೆಡವಿ, ಸಿನಿಮಾದ ಹೆಸರಿನ ಹೊಸ ಆಟಗಳನ್ನು ಕಟ್ಟಿದರು. ಇನ್ನೊಂದು ಉದ್ಯಾನದ ಕೋಟೆಗೆ 2007ರಿಂದ ಎರಡು ಲಕ್ಷ ದೀಪದ ಬಲೆ ಹೊದಿಸುತ್ತಿದ್ದರು. 2020ರಲ್ಲಿ ಅದನ್ನೂ ಕಟ್ಟಲಿಲ್ಲ, ಗೋಡೆಯ ಮೇಲೆ ಸಿನಿಮಾದ ಹಾಗೆ ಬೆಳಕು ಬಿಟ್ಟರು. ರಾತ್ರಿಯ ಕ್ರಿಸ್‌ಮಸ್ ಸಂಭ್ರಮಕ್ಕೋ ಬೇರೆಯೇ ಟಿಕೀಟು. 2023ರಲ್ಲಿ ಅದು ಒಬ್ಬರಿಗೆ 159 ಡಾಲರಿನಿಂದ ಶುರುವಾಗುತ್ತಿತ್ತು.

ಹಾಗಾದರೆ ನಿಷ್ಠೆಯಿಂದ ಬರುತ್ತಿದ್ದವರು ಬಿಟ್ಟುಹೋದರೆ ಕಂಪನಿಗೆ ನಷ್ಟವಲ್ಲವೇ ಅಂತ ನಾವು ಕೇಳಿದೆವು. ಹುಡುಗ ನಕ್ಕ. ವರ್ಷದ ಪಾಸು ಮಾಡಿಸಿಕೊಂಡು ಮತ್ತೆ ಮತ್ತೆ ಬರುವವನು ಮನೆಯಲ್ಲಿ ಉಂಡು ಬರುತ್ತಾನೆ, ಆಟದ ಸಾಮಾನು ಆಗಲೇ ಕೊಂಡಾಗಿದೆ, ಸಂಜೆ ಬಂದು ದೀಪ ನೋಡಿ ಒಂದು ಕಾಫಿ ಕುಡಿದು ಹೋಗುತ್ತಾನೆ. ದೂರದಿಂದ ಜನ್ಮಕ್ಕೊಂದು ಸಲ ಬರುವವನು ರೂಮು, ಊಟ, ಟೋಪಿ ಎಲ್ಲದಕ್ಕೂ ಸುರಿಯುತ್ತಾನೆ. ಕಂಪನಿಗೆ ಬೇಕಾದವನು ಅವನು. 2022ರ ಆಗಸ್ಟಿನಲ್ಲಿ ಆ ಕಂಪನಿ ತನ್ನ ಲೆಕ್ಕಪತ್ರದಲ್ಲಿ ಕ್ಯಾಲಿಫೋರ್ನಿಯಾದ ಉದ್ಯಾನಕ್ಕೆ ಬರುವ ಜನರ ಮಿಶ್ರಣ 'ಅನುಕೂಲಕರವಲ್ಲ' ಎಂಬರ್ಥದ ಮಾತು ಬರೆಯಿತು. ವರ್ಷದ ಪಾಸಿನವರು ಇದು ನಮಗೇ ಹೇಳಿದ್ದು ಅಂತ ಸಿಟ್ಟಾಗಿ, 'ಅನುಕೂಲಕರವಲ್ಲದವರು' ಅಂತ ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ಓಡಾಡಿದರಂತೆ.

ಈ ಭಾಗ ಕೇಳಿದಾಗ ನಮಗೆ ನಗು ಬಂತು, ಆಮೇಲೆ ಬರಲಿಲ್ಲ. ಅವರು ಕಾರಿದ್ದವರು, ನೂರಾರು ಡಾಲರ್ ಕೊಟ್ಟು ಪಾಸು ಕೊಂಡವರು. ಅವರ ಸಂಕಟವೂ ನಮ್ಮ ಅವ್ವನದೂ ಒಂದೇ ಅನ್ನುವಷ್ಟು ನಾವು ಮೂರ್ಖರಲ್ಲ. ಆದರೆ ರೊಟ್ಟಿ ಗಂಟು ಕಟ್ಟಿಕೊಂಡು ಬರುವವರನ್ನು ಲೆಕ್ಕದವನು ಯಾವ ಕಣ್ಣಿನಲ್ಲಿ ನೋಡುತ್ತಾನೆ ಅನ್ನುವುದು ಅಲ್ಲಿ ಬರವಣಿಗೆಯಲ್ಲೇ ಸಿಕ್ಕಿತು. ಇಲ್ಲಿ ಯಾರೂ ಬರೆದುಕೊಟ್ಟಿರಲಿಲ್ಲ.

ಯಾಕೆ ಇದನ್ನು ಇಷ್ಟು ಉದ್ದ ಬರೆದೆವೆಂದರೆ, ಈಗ ಆ ಹೆಸರು ನಮ್ಮ ಬಾಗಿಲಿಗೇ ಬಂದಿದೆ. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನವನ್ನು ಡಿಸ್ನಿಲ್ಯಾಂಡಿನ ಮಾದರಿಯಲ್ಲಿ ಮಾಡುತ್ತೇವೆ ಅಂತ 2018ರಲ್ಲಿ ಹೇಳಿದರು. 2024ರ ಜುಲೈನಲ್ಲಿ ಸಚಿವ ಸಂಪುಟ ಖಾಸಗಿಯವರ ಪಾಲುದಾರಿಕೆಯಲ್ಲಿ ಸುಮಾರು 2,663 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮಂಡ್ಯದ ಕಡೆಯ ರೈತರು ಕಟ್ಟೆಯ ಭದ್ರತೆ, ನೀರು ಅಂತ ವಿರೋಧಿಸಿದರು. ಅವರ ಮಾತಿನಲ್ಲಿ ಹುರುಳಿದೆ. ನಮ್ಮದು ಇನ್ನೊಂದು ಪ್ರಶ್ನೆ. ಬೃಂದಾವನದ ಬಣ್ಣದ ಕಾರಂಜಿಯನ್ನು ನಾವು ದಸರಾದ ಮಾರನೆಯ ದಿನ ಒಮ್ಮೊಮ್ಮೆ ನೋಡಿದವರು. ಗೇಟಿನಲ್ಲಿ ಚಿಲ್ಲರೆ ಕಾಸು ಕೊಟ್ಟು, ಹುಲ್ಲಿನ ಮೇಲೆ ಕೂತು ರೊಟ್ಟಿ ತಿಂದವರು. ಸಾವಿರಾರು ಕೋಟಿ ಹಾಕಿದವನು ಆ ಹುಲ್ಲಿನ ಮೇಲೆ ರೊಟ್ಟಿ ಗಂಟು ಬಿಚ್ಚಲು ಬಿಡುತ್ತಾನೆಯೇ? ಗೇಟಿನ ಹೊರಗೆ ಜೋಳ ಸುಡುವವಳು, ಮೀನು ಕರಿಯುವವನು ಎಲ್ಲಿ ನಿಲ್ಲಬೇಕು? ದೀಪದ ಖರ್ಚು ಹೆಚ್ಚಾಯಿತು ಅಂತ ಅವನು ಒಂದು ವರ್ಷ ಆರಿಸಿದರೆ ಯಾರ ಹತ್ತಿರ ಹೋಗಿ ಕರಪತ್ರ ಹಂಚಬೇಕು? ದಸರಾದಲ್ಲೂ ಈಗ ಸಾವಿರಾರು ರೂಪಾಯಿಯ ಗೋಲ್ಡ್ ಕಾರ್ಡು ಇದೆ. ಬೀದಿಯ ದೀಪಕ್ಕೆ ಇನ್ನೂ ಕಾರ್ಡು ಬಂದಿಲ್ಲ. ಸಂಘಟನೆಯ ಗೆಳೆಯರು, ಶಾಲೆಯಲ್ಲಿ ಪಾಠ ಮಾಡುವವರು ಇದನ್ನು ಸಣ್ಣ ವಿಷಯ ಅಂದುಕೊಳ್ಳಬಾರದು. ನಾವು ಒಂದು ಸಲ ಅಂದುಕೊಂಡಿದ್ದೆವು.

2022ರಲ್ಲಿ ದಸರಾ ಮತ್ತೆ ಜೋರಾಯಿತು. ರಾಷ್ಟ್ರಪತಿ ದ್ರೌಪದಿ ಮುರ್ಮು, ಆದಿವಾಸಿ ಹೆಣ್ಣುಮಗಳು, ಬಂದು ಉದ್ಘಾಟಿಸಿದರು. ಟೀವಿಯಲ್ಲಿ ನೋಡಿದ ಅವ್ವ 'ಕರ್ರಗವಳೆ, ನಮ್ಮಂಗೇ ಅವಳೆ' ಅಂದಳು. ರಸ್ತೆ ರಸ್ತೆಗೂ ದೀಪ. ತಂಗಿ ಮತ್ತೆ ಸಾಲ ಮಾಡಿ ಕೊಂಬು ತಂದಿದ್ದಳು. ಕಾರು ಮಾಡಿಕೊಂಡು ಬಂದಿದ್ದೇವೆ, ಕೂತಲ್ಲೇ ತೋರಿಸ್ತೀವಿ ಬಾ ಅಂತ ಅವ್ವನನ್ನು ಕರೆದೆವು. ಬರಲಿಲ್ಲ. ಪ್ಲಾಸ್ಟಿಕ್ ಡಬ್ಬ ತೆಗೆದು, ಅದರೊಳಗಿನಿಂದ ನೂರರ ಒಂದು ನೋಟು ಕೊಟ್ಟು, ಬೆಂಡು ಬತ್ತಾಸು ತನ್ನಿ ಅಂದಳು. 'ಅಂಗೇ ಆ ಹೋಟ್ಲು ಅದಾ ನೋಡ್ಕಂಡು ಬನ್ನಿ.'

ಹೋಟೆಲು ಇರಲಿಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿ. ಬೆಂಡು ಬತ್ತಾಸು ತಂದುಕೊಟ್ಟೆವು. ಹೋಟೆಲು ಇದೆ, ಮಾಣಿ ಬದಲಾಗಿದ್ದಾನೆ ಅಂತ ಹೇಳಿದೆವು. ಅವ್ವ ಒಂದು ಬತ್ತಾಸು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಸೆರಗಿನಲ್ಲಿ ಗಂಟು ಕಟ್ಟಿ, 'ಕಾಫಿ ಎಷ್ಟಂತೆ ಈಗ?' ಅಂತ ಕೇಳಿದಳು.